ಎಡಗಡೆ, ಎರಡನೇ ಸಾಲು

ನನ್ನ ಮೊದಲ ಸೀಟು ಅಜ್ಜನ ಹಳೇ ಪಂಚೆ. ನಮ್ಮದು ಕುಂದಾಪುರದ ಕಡೆ. ಹರಕೆ ಹೊತ್ತವರು ಆಡಿಸುವ ಯಕ್ಷಗಾನಕ್ಕೆ, ಅಂದರೆ ಹರಕೆ ಆಟಕ್ಕೆ, ಟಿಕೆಟ್ ಇಲ್ಲ, ಕೊಯ್ಲಾದ ಗದ್ದೆಯಲ್ಲೇ ರಂಗಸ್ಥಳ. ಎಲ್ಲರೂ ಎದುರಿಗೆ ಜಾಗ ಹಿಡಿಯಲು ಓಡುತ್ತಿದ್ದರೆ ಅಜ್ಜ ನನ್ನನ್ನು ಬದಿಗೆ ಕರೆದುಕೊಂಡು ಹೋಗಿ ಪಂಚೆ ಹಾಸುತ್ತಿದ್ದರು. ಅದೂ ಚಂಡೆ ಇಲ್ಲದ ಬದಿಗೆ. ಚಂಡೆಯ ಹತ್ತಿರ ಕೂತರೆ ಮಾರನೇ ದಿನ ಮಧ್ಯಾಹ್ನದ ತನಕ ಕಿವಿ ಗುಂಯ್ ಅನ್ನುತ್ತದೆ. ಬದಿಗೇ ಯಾಕೆ ಅಂತ ಅವರು ಯಾವತ್ತೂ ಹೇಳಲಿಲ್ಲ.

ಒಂದು ರಾತ್ರಿ ಅದು ತಾನಾಗಿ ಗೊತ್ತಾಯಿತು. ಪುಂಡುವೇಷ, ಅಂದರೆ ಚುರುಕಿನ ಹುಡುಗರ ಪಾತ್ರ, ಹಾಕಿದ್ದ ಎಳೇ ವಯಸ್ಸಿನವನೊಬ್ಬ ಮಂಡಿಯೂರಿ ಗಿರಗಿರ ಸುತ್ತುವ ಮಂಡಿ ಕುಣಿತ ಮುಗಿಸಿ ಎದ್ದ. ಎದುರಿನವರೆಲ್ಲ ಚಪ್ಪಾಳೆ, ಶಿಳ್ಳೆ. ಅವನು ಪದ್ಯ ಹಾಡಿ ಆಟ ನಡೆಸುವ ಭಾಗವತರ ಕಡೆ ತಿರುಗಿ ನಿಂತ. ಬದಿಯಲ್ಲಿದ್ದ ನನಗೆ ಅವನ ಪಕ್ಕೆ ಬುಸುಬುಸು ಏರಿಳಿಯುವುದು ಕಾಣುತ್ತಿತ್ತು. ಬಾಯಿ ತೆರೆದೇ ಇತ್ತು. ಭಾಗವತರು ಅವನ ಮುಖವನ್ನೊಮ್ಮೆ ನೋಡಿದವರೇ ಪದ್ಯದ ಕೊನೆಯನ್ನು ಹಿಡಿದು ಎಳೆದರು. ಮತ್ತೂ ಎಳೆದರು. ಅವನು ಎರಡು ಸಲ ಉಗುಳು ನುಂಗಿ, ಮುಂಡಾಸಿನ ದಾರ ಬಿಗಿ ಮಾಡಿಕೊಂಡು, ಕಣ್ಣಲ್ಲೇ 'ಸರಿ' ಅಂದ ಮೇಲೆ ಬಿಟ್ಟರು. ಎದುರು ಕೂತವರಿಗೆ ಅದು ಬರೀ ಒಳ್ಳೆಯ ಹಾಡುಗಾರಿಕೆ ಅನ್ನಿಸಿರಬೇಕು. ನನಗಾಗ ಹತ್ತು ವರ್ಷ.

ಆಮೇಲೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ. ನಾಟಕದ ಹುಚ್ಚು ಹಿಡಿದದ್ದು ರವೀಂದ್ರ ಕಲಾಕ್ಷೇತ್ರದಲ್ಲಿ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ಶುರುವಾದ ಮಂದಿರ ಅದು. ದೊಡ್ಡದು. ಮುಂದಿನ ಸಾಲುಗಳು ಸಾಮಾನ್ಯವಾಗಿ ಅತಿಥಿಗಳಿಗೆ ಮೀಸಲು. ನಾಟಕ ಶುರುವಾದರೂ ಅತಿಥಿಗಳು ಬರುವುದಿಲ್ಲ, ಯಾರನ್ನೂ ಕೂರಲು ಬಿಡುವುದೂ ಇಲ್ಲ, ಎಷ್ಟು ಹೊಟ್ಟೆ ಉರಿಯುತ್ತೆ ಅಲ್ವಾ? ಸಿಟ್ಟಿನಲ್ಲೇ ಒಂದು ಸಲ ಬಾಲ್ಕನಿಗೆ ಹತ್ತಿದೆ. ಒಳ್ಳೇದೇ ಆಯಿತು. ಮೇಳ, ಕುಣಿತ, ಗುಂಪು ಜಾಸ್ತಿ ಇರುವ ನಾಟಕವನ್ನು ಮೇಲಿನಿಂದಲೇ ನೋಡಬೇಕು. ಇಪ್ಪತ್ತು ಜನ ವೇದಿಕೆಯ ಮೇಲೆ ಹೇಗೆ ಚೆದುರಿ ಹೇಗೆ ಸೇರುತ್ತಾರೆ ಅನ್ನುವುದು ರಂಗೋಲಿ ಹಾಕಿದ ಹಾಗೆ ಕಾಣುತ್ತದೆ. ಇಬ್ಬರೇ ಕೂತು ಮೆಲ್ಲಗೆ ಮಾತಾಡುವ ನಾಟಕಕ್ಕೆ ಮಾತ್ರ ಅಲ್ಲಿ ಕೂರಬೇಡಿ, ನಟರ ತಲೆ ಕಾಣುತ್ತದೆ ಅಷ್ಟೇ. ಹಿಂದುಗಡೆಯ ಸಂಸ ಬಯಲು ರಂಗಮಂದಿರಕ್ಕೆ ಹೋಗುವುದಾದರೆ ಕೆಳಗೆ ಹಾಕಿಕೊಳ್ಳಲು ಏನಾದರೂ ಒಯ್ಯಿರಿ. ಎರಡು ಗಂಟೆ ಮೆಟ್ಟಿಲ ಮೇಲೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ.

ದುಡ್ಡು ಕೊಟ್ಟು ಪಾಠ ಕಲಿತದ್ದು ಬೇರೊಂದು ಸಭಾಂಗಣದಲ್ಲಿ. ಹೆಸರು ಬೇಡ. ಯಕ್ಷಗಾನ ಇತ್ತು. ಆನ್‌ಲೈನಿನಲ್ಲಿ ಎಲ್ಲಕ್ಕಿಂತ ದುಬಾರಿ ಟಿಕೆಟ್ ತೆಗೆದುಕೊಂಡು ಮೊದಲ ಸಾಲಿನ ನಟ್ಟನಡುವೆ ಹೋಗಿ ಕೂತೆ. ಕೂತ ಮೇಲೆ ನೋಡಿದರೆ ವೇದಿಕೆ ನನ್ನ ಹಣೆಯ ಎತ್ತರಕ್ಕಿದೆ! ಗೆಜ್ಜೆ ಕೇಳುತ್ತದೆ, ಹೆಜ್ಜೆ ಕಾಣುವುದಿಲ್ಲ. ಮಂಡಿ ಕುಣಿತ ಬಂದಾಗ ಬರೀ ಒಂದು ಮುಂಡಾಸು ಬುಗುರಿಯ ಹಾಗೆ ಸುತ್ತುತ್ತಿತ್ತು. ಅರ್ಧಕ್ಕೇ ಎದ್ದು ಹಿಂದೆ ಹೋಗಿ ಗೋಡೆಗೆ ಒರಗಿ ನಿಂತುಕೊಂಡು ನೋಡಿದೆ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಒಳಗೆ ಹೋದ ತಕ್ಷಣ ಮೊದಲು ವೇದಿಕೆಯ ನೆಲ ಕಾಣುತ್ತದಾ ನೋಡುತ್ತೇನೆ. ಕಾಣುವ ತನಕ ಹಿಂದೆ ಹಿಂದೆ ಹೋಗುತ್ತೇನೆ. ಎಂಟನೇ ಸಾಲಾದರೂ ಪರವಾಗಿಲ್ಲ.

ರಂಗಶಂಕರದಲ್ಲಿ ಈ ತಾಪತ್ರಯ ಇಲ್ಲ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ಜಾಗ. 2004ರಲ್ಲಿ ಶುರುವಾಯಿತು. ಹೆಚ್ಚುಕಡಿಮೆ ಮುನ್ನೂರು ಸೀಟು. ವೇದಿಕೆ ಪ್ರೇಕ್ಷಕರ ನಡುವೆ ಮುಂಚಾಚಿಕೊಂಡಿದೆ, ಮೂರು ಕಡೆ ನಾವು. ಮೈಕಿನ ಹಂಗಿಲ್ಲದೆ ಮಾತು ಕೇಳುತ್ತದೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಅದು ಯಾರೇ ಆಗಿರಲಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಾನೂ ಒಂದು ಸಲ ಹೊರಗೇ ಉಳಿದಿದ್ದೆ. ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿಂದು ಮನೆಗೆ ಬಂದೆ. ತಪ್ಪು ನನ್ನದೇ ಬಿಡಿ.

ಅಲ್ಲಿ ನನ್ನ ಜಾಗ ಎಡಗಡೆ, ಎರಡನೇ ಸಾಲು. ಸಿಗಲಿ ಅಂತ ಬೇಗನೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ಕೆಲವು ಸಲ ನಟರ ಬೆನ್ನೇ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಬೆನ್ನಿಗೂ ಅಭಿನಯ ಬರುತ್ತದೆಯೋ ಇಲ್ಲವೋ ಅಂತ ಅಲ್ಲಿ ಗೊತ್ತಾಗಿಬಿಡುತ್ತದೆ. ಬೆವರ ಹನಿ ಗಲ್ಲದಿಂದ ಜಾರಿ ವೇದಿಕೆಗೆ ಬೀಳುವುದು ಕಾಣುತ್ತದೆ. ಇನ್ನೊಂದು ಲಾಭವನ್ನು ನಾನು ಎಣಿಸಿರಲೇ ಇಲ್ಲ. ವೇದಿಕೆಯ ಆಚೆ ಬದಿಯ ಪ್ರೇಕ್ಷಕರು ನನ್ನ ಎದುರಿಗಿರುತ್ತಾರೆ. ಒಂದು ನಾಟಕದಲ್ಲಿ ಎಲ್ಲರೂ ನಗುತ್ತಿದ್ದಾಗ ಆಚೆ ಬದಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾಟಕದ ಕಥೆ ಅರ್ಧ ಮರೆತಿದೆ, ಅವರು ಕನ್ನಡಕವನ್ನು ಮಡಚಿ ಜೇಬಿಗಿಟ್ಟುಕೊಂಡದ್ದು ನೆನಪಿದೆ.

ಸೀಟಿನ ಲೆಕ್ಕಾಚಾರವೇ ನಡೆಯದ ಜಾಗ ಒಂದೇ, 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ನೋಡಿದ, ಕುವೆಂಪು ಕಾದಂಬರಿಯ ನಾಟಕ 'ಮಲೆಗಳಲ್ಲಿ ಮದುಮಗಳು'. ಸಿ. ಬಸವಲಿಂಗಯ್ಯ ನಿರ್ದೇಶನ, ಇಡೀ ರಾತ್ರಿಯ ನಾಟಕ, ನಾಲ್ಕು ಬಯಲು ವೇದಿಕೆ. ಒಂದು ವೇದಿಕೆಯ ಭಾಗ ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದಕ್ಕೆ ನಡೆಯಬೇಕು. ಮೊದಲು ಕಷ್ಟಪಟ್ಟು ಒಳ್ಳೇ ಜಾಗ ಹಿಡಿದೆ, ಮುಂದಿನದಕ್ಕೆ ಎಲ್ಲರಿಗಿಂತ ಹಿಂದೆ ಬಿದ್ದೆ. ಬೆಳಗಿನ ಜಾವಕ್ಕೆ ಚಳಿ ಹೇಗಿತ್ತು ಅಂದರೆ ಸೀಟು ಬೇಡ, ಕಂಬಳಿ ಇದ್ದವರ ಪಕ್ಕ ಜಾಗ ಸಿಕ್ಕರೆ ಸಾಕಾಗಿತ್ತು.

ನನ್ನ ಹೆಂಡತಿಗೆ ಇದೆಲ್ಲ ಹುಚ್ಚಾಟ. ಅವಳಿಗೆ ಹಿಂದಿನ ಸಾಲಿನ ನಡುವೆಯೇ ಬೇಕು. ಹಾಗಾಗಿ ನಾವು ಜೊತೆಗೆ ಹೋಗಿ ಬೇರೆ ಬೇರೆ ಕೂರುತ್ತೇವೆ. ಹೋದ ತಿಂಗಳು ಒಂದು ನಾಟಕದ ಕೊನೆಯಲ್ಲಿ ಅಪ್ಪನ ಪಾತ್ರದವರು ಮಗನ ಕಾಗದ ಓದುತ್ತಾ ಅಳುತ್ತಾರೆ. ಆಮೇಲೆ ಕೆಫೆಯಲ್ಲಿ ಕಾಫಿ ಕುಡಿಯುವಾಗ ಅವಳ ಕಣ್ಣು ಇನ್ನೂ ಕೆಂಪಗೇ ಇತ್ತು.

"ಆ ಕಾಗದ ಖಾಲಿ ಇತ್ತು ಕಣೇ," ಅಂದೆ. "ಒಂದಕ್ಷರವೂ ಇರಲಿಲ್ಲ, ಅಷ್ಟೂ ಬಾಯಿಪಾಠ."

ಅವಳು ಲೋಟ ಕೆಳಗಿಟ್ಟಳು. "ಅದನ್ನ ನನಗೆ ಯಾಕ್ರೀ ಹೇಳಿದ್ರಿ?"