ಪಿತ್ತನಾಳಕ್ಕೆ ಸ್ಟೆಂಟ್: ಹಾಕಿಸುವ ಮುಂಚೆ, ಹಾಕಿಸಿದ ಮೇಲೆ ಮನೆಯವರು ಏನು ಮಾಡಬೇಕು?

ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. ನಮ್ಮಲ್ಲಿಗೆ ಬರುವ ಎಷ್ಟೋ ಜನರ ಮೈಮೇಲೆ ಕೆರೆದುಕೊಂಡ ಗೀರುಗಳಿರುತ್ತವೆ. ಕೆಲವರ ಕೈಮೇಲೆ ಕಾಮಾಲೆಗೆಂದು ಊರಲ್ಲಿ ಹಾಕಿಸಿದ ಬರೆಯೂ ಇರುತ್ತದೆ. ಅಷ್ಟು ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಬಿಳಿಚು, ರಾತ್ರಿಯಿಡೀ ತುರಿಕೆ: ಇವೆಲ್ಲ ಒಟ್ಟಿಗೆ ಬಂದರೆ ಪಿತ್ತ ಹರಿಯುವ ನಾಳ ಕಟ್ಟಿಕೊಂಡಿರಬಹುದು. ಸೊಪ್ಪಿನ ರಸದಿಂದ ಅದು ಬಿಡುವುದಿಲ್ಲ. ಬೇಗ ಸ್ಕ್ಯಾನ್ ಮಾಡಿಸಿ.

ಮೇದೋಜೀರಕ ಗ್ರಂಥಿ, ಪಿತ್ತಕೋಶ ಅಥವಾ ಪಿತ್ತನಾಳದ ಕ್ಯಾನ್ಸರ್ ಈ ನಾಳವನ್ನು ಮುಚ್ಚಿಬಿಡಬಹುದು. ಸ್ಟೆಂಟ್ ಎಂದರೆ ಆ ಜಾಗದಲ್ಲಿ ಕೂರಿಸುವ ಸಣ್ಣ ಕೊಳವೆ. ಅದರಿಂದ ಗೆಡ್ಡೆ ಕರಗುವುದಿಲ್ಲ. ಆದರೆ ಪಿತ್ತ ಹರಿಯತೊಡಗಿದರೆ ತುರಿಕೆ ಇಳಿಯುತ್ತದೆ, ಊಟ ಸೇರುತ್ತದೆ. ರಕ್ತದಲ್ಲಿನ ಬಿಲಿರುಬಿನ್ (ಕಣ್ಣನ್ನು ಹಳದಿ ಮಾಡುವ ಅಂಶ) ಇಳಿದ ಮೇಲೆ ಕೀಮೋ ಶುರು ಮಾಡುವುದಕ್ಕೂ ದಾರಿಯಾಗುತ್ತದೆ.

ಮೊದಲು ಡಾಕ್ಟರನ್ನು ಕೇಳಿ: ಆಪರೇಷನ್ ಮಾಡಬಹುದಾ? ಬೇಗ ಆಪರೇಷನ್ ಆಗುವ ಹಾಗಿದ್ದರೆ ಕೆಲವರಿಗೆ ಸ್ಟೆಂಟ್ ಬೇಕಾಗುವುದೇ ಇಲ್ಲ. ಬೇಕೆಂದರೆ ಪ್ಲಾಸ್ಟಿಕ್ಕೋ ಮೆಟಲ್ಲೋ ಕೇಳಿ. ಪ್ಲಾಸ್ಟಿಕ್ ಕೊಳವೆ ಸುಮಾರು 3 ಮಿಲಿಮೀಟರ್ ಅಗಲ. ಬೆಲೆ ಕಮ್ಮಿ, ಆದರೆ ಸುಮಾರು 3 ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೆಟಲ್ ಜಾಲರಿ ಒಳಗೆ 8ರಿಂದ 10 ಮಿಲಿಮೀಟರ್‌ವರೆಗೆ ಅರಳುತ್ತದೆ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಪದೇ ಪದೇ ಆಸ್ಪತ್ರೆಗೆ ಅಲೆಯುವ ಖರ್ಚು ಸೇರಿಸಿದರೆ ಎಷ್ಟೋ ಮನೆಗಳಿಗೆ ಮೆಟಲ್ಲೇ ಅನುಕೂಲ ಎಂದು ನನಗನ್ನಿಸುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಗೆ ನೆರವಾಗುವವರು) ಮುಂಚೆಯೇ ಕಾಣಿ.

ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಪಿತ್ತ ಕಟ್ಟಿದವರಿಗೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು, ಅದಕ್ಕೇ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತೇವೆ. ಖಾಲಿ ಹೊಟ್ಟೆಯಲ್ಲಿ ಬರಬೇಕು. ಇಆರ್‌ಸಿಪಿ ಎಂಬ ಎಂಡೋಸ್ಕೋಪಿ ವಿಧಾನದಲ್ಲಿ ಬಾಯಿಂದ ಟ್ಯೂಬ್ ಇಳಿಸಿ, ಎಕ್ಸ್‌ರೇ ನೋಡುತ್ತಾ ಸ್ಟೆಂಟ್ ಕೂರಿಸುತ್ತಾರೆ. ಆಮೇಲೆ ಬೆನ್ನಿಗೆ ಹೊಡೆಯುವಂಥ ಜೋರು ಹೊಟ್ಟೆನೋವು ಬಂದರೆ ತಕ್ಷಣ ಹೇಳಿ. ಅದು ಗ್ಯಾಸ್ ಅಲ್ಲ, ಮೇದೋಜೀರಕ ಗ್ರಂಥಿ ಊದಿರಬಹುದು.

ಬಾಯಿಂದ ಆಗದಿದ್ದರೆ ಪಕ್ಕೆಯ ಮೂಲಕ ಲಿವರ್‌ಗೆ ಸಣ್ಣ ಟ್ಯೂಬ್ ಹಾಕಿ, ಹೊರಗೆ ಚೀಲ ಕಟ್ಟುತ್ತಾರೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ದಿನಾ ಎಷ್ಟು ಬಂತು, ಯಾವ ಬಣ್ಣ ಅಂತ ಬರೆದಿಡಿ. ಇದ್ದಕ್ಕಿದ್ದಂತೆ ನಿಂತರೆ, ರಕ್ತ ಕಂಡರೆ ಫೋನ್ ಮಾಡಿ. ಮಗ್ಗುಲು ಬದಲಿಸುವಾಗ ಟ್ಯೂಬ್ ಎಳೆದುಹೋಗದ ಹಾಗೆ ನೋಡಿಕೊಳ್ಳಿ.

ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ಯಾವುದು, ಹಾಕಿದ ತಾರೀಖು, ಬದಲಾಯಿಸುವ ತಾರೀಖು ಮೂರೂ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ. "ಸಿಸ್ಟರ್, ಅಪ್ಪ ಈಗ ಚೆನ್ನಾಗಿ ಊಟ ಮಾಡ್ತಿದ್ದಾರೆ, ಸುಮ್ನೆ ಮತ್ತೆ ಯಾಕೆ ಬದಲಾಯಿಸೋದು?" ಎಂದು ಮಕ್ಕಳು ಕೇಳುತ್ತಾರೆ. ಪ್ಲಾಸ್ಟಿಕ್ ಸ್ಟೆಂಟ್ ಆದರೆ ಅಪ್ಪ ಚೆನ್ನಾಗಿರುವಾಗಲೇ ಬದಲಾಯಿಸಬೇಕು. ಕಟ್ಟಿಕೊಂಡ ಮೇಲೆ ಸೋಂಕಿನ ಜೊತೆ ಬರುತ್ತಾರೆ, ಆಗ ಕಷ್ಟ ಎರಡು ಪಟ್ಟು.

ಆ ಸೋಂಕಿನ ಬಗ್ಗೆಯೇ ನನಗೆ ಹೆಚ್ಚು ಭಯ. ಸ್ಟೆಂಟ್ ಇರುವವರಿಗೆ ಚಳಿ ನಡುಕದ ಜ್ವರ ಬಂದರೆ ಅದನ್ನು ಮಾಮೂಲಿ ಜ್ವರ ಅಂದುಕೊಳ್ಳಬೇಡಿ. ಡೋಲೋ ಕೊಟ್ಟು ಬೆಳಿಗ್ಗೆ ನೋಡೋಣ ಅನ್ನಬೇಡಿ. ಕೆಲವೇ ಗಂಟೆಗಳಲ್ಲಿ ಬಿಪಿ ಬೀಳಬಹುದು. ಕಣ್ಣು ಮತ್ತೆ ಹಳದಿಯಾದರೂ, ಮಾತು ತೊದಲಿದರೂ, ಮಂಪರು ಹತ್ತಿದರೂ ಹೊರಟುಬಿಡಿ. ಸ್ಟೆಂಟ್ ಹಾಕಿದ ಆಸ್ಪತ್ರೆ ದೂರವಿದ್ದರೆ ಮೊದಲು ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಹೋಗಿ, ಚೀಟಿ ತೋರಿಸಿ, "ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಈಗ ಚಳಿಜ್ವರ" ಎಂದು ಹೇಳಿ. ಆಂಟಿಬಯಾಟಿಕ್ ಅಲ್ಲೇ ಶುರುವಾಗಲಿ. ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್ ಆಮೇಲೆ.