ಗುರುಮುಖಿಯ ಸಿಹಾರಿಯನ್ನು ಯೂನಿಕೋಡಿಗೆ ತಂದ ಬಗೆ

ಪಂಜಾಬಿಯ ಗುರುಮುಖಿ ಲಿಪಿಯಲ್ಲಿ ಹ್ರಸ್ವ ಇಕಾರದ ಚಿಹ್ನೆಗೆ ಸಿಹಾರಿ ಎನ್ನುತ್ತಾರೆ. ಉಚ್ಚಾರದಲ್ಲಿ ಅದು ವ್ಯಂಜನದ ನಂತರ ಬಂದರೂ ಬರೆಯುವಾಗ ವ್ಯಂಜನದ ಎಡಕ್ಕೆ ಕೂರುತ್ತದೆ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಜಾಗತಿಕ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಚಿಹ್ನೆಯನ್ನು ಎಡಕ್ಕೆ ಸರಿಸಿ ತೋರಿಸುವುದು ಫಾಂಟ್ ಮತ್ತು ತಂತ್ರಾಂಶದ ಹೊಣೆ. ಅನ್ಮೋಲ್‌ಲಿಪಿಯಂಥ ಹಳೆಯ ಫಾಂಟ್‌ಗಳಲ್ಲಾದರೋ ಇಂಗ್ಲಿಷಿನ ಸಣ್ಣ ಐ ಅಕ್ಷರದ ಜಾಗದಲ್ಲಿ ಸಿಹಾರಿಯ ಆಕಾರವಿದ್ದು, ಕಣ್ಣಿಗೆ ಕಾಣುವ ಕ್ರಮದಲ್ಲೇ ಅದನ್ನು ವ್ಯಂಜನಕ್ಕಿಂತ ಮೊದಲು ಒತ್ತಬೇಕಿತ್ತು.

ಬೀದರಿನ ಸಿಖ್ ಹಿರಿಯರೊಬ್ಬರು ಇಂಥ ಫಾಂಟಿನಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟಿದ್ದ ಕಡತಗಳನ್ನು ಪರಿವರ್ತಿಸುವ ಕೆಲಸ ನನಗೆ ಬಂತು. ನುಡಿ ಫಾಂಟಿನ ಕನ್ನಡ ಕಡತಗಳನ್ನು ಯೂನಿಕೋಡಿಗೆ ತಂದ ಅಭ್ಯಾಸ ನನಗಿತ್ತು. ಅಲ್ಲಿ ಅರ್ಕಾವತ್ತು ಅಕ್ಷರದ ನಂತರ ಟೈಪಾಗಿರುತ್ತದೆ, ಯೂನಿಕೋಡಿನಲ್ಲಿ ಅದರ ರಕಾರ ಮುಂದೆ ಬರಬೇಕು. ಸಿಹಾರಿಯ ಪಯಣ ಇದಕ್ಕೆ ಎದುರು ದಿಕ್ಕಿನದು.

ಸಿಂಘ ಎಂಬ ಪದವನ್ನೇ ನೋಡೋಣ. ಹಳೆಯ ಕಡತದಲ್ಲಿ ಅದು ಸಿಹಾರಿ, ಸ, ಟಿಪ್ಪಿ (ಅನುನಾಸಿಕದ ಚಿಹ್ನೆ), ಘ ಎಂಬ ಕ್ರಮದಲ್ಲಿದೆ. ಯೂನಿಕೋಡಿನಲ್ಲಿ, ದಶಮಾನ ಸಂಖ್ಯೆಗಳಲ್ಲಿ ಹೇಳುವುದಾದರೆ, 2616, 2623, 2672, 2584 ಎಂದಾಗಬೇಕು. ಇಲ್ಲಿ 2623 ಸಿಹಾರಿ. ಗುರುಮುಖಿಯ ವಿಭಾಗ 2560ರಿಂದಲೂ ಕನ್ನಡದ್ದು 3200ರಿಂದಲೂ ಆರಂಭವಾಗುತ್ತವೆ. ನಮ್ಮ ಇಕಾರದ ಗುಡಿಸು 3263, ಅಂದರೆ ಎರಡೂ ತಮ್ಮ ತಮ್ಮ ವಿಭಾಗದಲ್ಲಿ ಒಂದೇ ಸ್ಥಾನದಲ್ಲಿವೆ. ಭಾರತೀಯ ಲಿಪಿಗಳಿಗೆಂದು ರೂಪಿಸಿದ್ದ ಇಸ್ಕಿ ಸಂಕೇತದ ಜೋಡಣೆಯನ್ನು ಯೂನಿಕೋಡ್ ಉಳಿಸಿಕೊಂಡದ್ದರ ಫಲವಿದು.

ಸ್ಥಾನ ಬದಲಿಸದೆ ಸಂಖ್ಯೆಗಳನ್ನಷ್ಟೇ ಬದಲಿಸಿದರೆ, ಪದದ ಮೊದಲಲ್ಲಿರುವ ಸಿಹಾರಿಗೆ ಆಶ್ರಯ ಸಿಗದೆ ಚುಕ್ಕಿಗಳ ವೃತ್ತವೊಂದು ಮೂಡುತ್ತದೆ. ಆ ದೋಷ ತಾನಾಗಿ ಕಣ್ಣಿಗೆ ಬೀಳುತ್ತದೆ. ನಿಜವಾದ ಅಪಾಯ ಪದದ ನಡುವೆ ಇದೆ. ಸಿಖ್ಖರ ಮೂಲಮಂತ್ರದ ‘ಸತಿ ನಾಮು’ ಹಳೆಯ ಫಾಂಟಿನಲ್ಲಿ ಸ, ಸಿಹಾರಿ, ತ ಎಂದು ಇರುವುದರಿಂದ, ಹಾಗೇ ಬಿಟ್ಟರೆ ಸಿಹಾರಿ ಹಿಂದಿನ ಸಕಾರಕ್ಕೆ ಅಂಟಿಕೊಂಡು ‘ಸಿತ ನಾಮು’ ಆಗುತ್ತದೆ. ವೃತ್ತವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಸಿಖ್ಖರ ಪವಿತ್ರ ವಾಣಿಯಾದ ಗುರ್ಬಾಣಿಯಲ್ಲಿ ಪದಾಂತ್ಯದ ಸಿಹಾರಿ ಎಷ್ಟೋ ಕಡೆ ಉಚ್ಚಾರಕ್ಕೆ ಸಿಗದಿದ್ದರೂ ವ್ಯಾಕರಣದ ಅರ್ಥವನ್ನು ಹೊತ್ತಿರುತ್ತದೆ. ಅದು ಪಕ್ಕದ ಅಕ್ಷರಕ್ಕೆ ಜಾರುವುದನ್ನು ಸಣ್ಣ ಕಾಗುಣಿತ ದೋಷವೆಂದು ನಾನು ಒಪ್ಪಲಾರೆ. ಆದ್ದರಿಂದ ಸಿಹಾರಿ ಇರುವ ಪದಗಳನ್ನೆಲ್ಲ ಬೇರೆಯಾಗಿ ತೆಗೆದು, ಹೆಚ್ಚು ಸಲ ಬರುವವು ಮೇಲೆ ಬರುವಂತೆ ಜೋಡಿಸಿ, ಆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದೆ.

ಸಿಹಾರಿಯನ್ನು ಮುಂದಿನ ಒಂದು ಸಂಕೇತದ ಆಚೆ ದಾಟಿಸಿದರೆ ಸಾಲದು, ಇಡೀ ಗುಂಪಿನ ಆಚೆ ದಾಟಿಸಬೇಕು. ‘ಪ್ರಿ’ ಎಂಬುದು 2602, 2637, 2608, 2623, ಅಂದರೆ ಪ, ಹಲಂತ, ರ, ಸಿಹಾರಿ. ಒತ್ತು ರಕಾರ ಮುಗಿದ ಮೇಲೆಯೇ ಸಿಹಾರಿಗೆ ಸ್ಥಾನ. ಶಕಾರವೆಂದರೆ ಸಕಾರದ ಅಡಿಯಲ್ಲೊಂದು ಬಿಂದಿ. ಅದನ್ನು 2616 ಮತ್ತು 2620 ಎಂದು ಬಿಡಿಸಿ ಬರೆದಾಗ ಇವೆರಡರ ನಡುವೆ ಸಿಹಾರಿ ನುಸುಳಿದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತ ರೂಪಗಳನ್ನು ಒಂದಾಗಿಸುವ ಯೂನಿಕೋಡಿನ ಸಾಮಾನ್ಯೀಕರಣವೂ ಅದನ್ನು ಸರಿಪಡಿಸದು.

ಸ್ವತಂತ್ರ ಇಕಾರಕ್ಕೆ ಪ್ರತ್ಯೇಕ ನಿಯಮವನ್ನೇ ಬರೆದೆ. ಹಳೆಯ ಫಾಂಟಿನಲ್ಲಿ ಅದು ಸಿಹಾರಿ ಮತ್ತು ಈಡೀ ಎಂಬ ಸ್ವರಾಧಾರ ಅಕ್ಷರ ಸೇರಿ ಆಗುತ್ತದೆ. ಯೂನಿಕೋಡಿನಲ್ಲಿ ಇದಕ್ಕೆ 2567 ಎಂಬ ಒಂದೇ ಸಂಕೇತವಿದೆ. 2674 (ಈಡೀ), 2623 ಎಂದು ಜೋಡಿಸುವುದು ಸಲ್ಲದು. ಎರಡೂ ಪರದೆಯಲ್ಲಿ ಒಂದೇ ರೀತಿ ಕಾಣಬಹುದಾದರೂ ಸಾಮಾನ್ಯೀಕರಣ ಇವನ್ನು ಒಂದಾಗಿಸುವುದಿಲ್ಲ, ಹುಡುಕಿದರೆ ಒಂದಕ್ಕೆ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ಈ ಜೋಡಿಯನ್ನು ಮೊದಲು 2567ಕ್ಕೆ ಬದಲಿಸಿ, ಆಮೇಲೆ ಉಳಿದ ಸಿಹಾರಿಗಳನ್ನು ಸರಿಸಿದೆ. ಪದದ ಮೊದಲು, ನಡು, ಕೊನೆ, ಒತ್ತಕ್ಷರ, ಬಿಂದಿ, ಸ್ವತಂತ್ರ ಸ್ವರ, ಹೀಗೆ ಪ್ರತಿಯೊಂದಕ್ಕೂ ಮಾದರಿ ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಯಾವ ನಿಯಮವನ್ನು ತಿದ್ದಿದರೂ ಆ ಪಟ್ಟಿಯನ್ನು ಪೂರ್ತಿ ಪರೀಕ್ಷಿಸಿದ ನಂತರವೇ ಮೂಲ ಕಡತಗಳ ಪ್ರತಿಗಳನ್ನು ಪರಿವರ್ತಿಸಿದೆ.