ಮರಿ ಹೊತ್ಕೊಂಡಿರೋ ಸೀ ಅನಿಮೋನ್ ಹುಡುಕೋದು ಹೇಗೆ

ಸೀ ಅನಿಮೋನ್ ಅಂದ್ರೆ ಹೂವಿನ ಥರ ಕಾಣೋ ಕಡಲ ಪ್ರಾಣಿ. ಕ್ಯಾಲಿಫೋರ್ನಿಯಾ ಕಡೆ ಇರೋರು ಅದರಲ್ಲಿ ಮರಿಗಳನ್ನ ಮೈಮೇಲೇ ಹೊರೋ ಎಪಿಯಾಕ್ಟಿಸ್ ಪ್ರೋಲಿಫೆರಾ ಅನ್ನೋ ಜಾತಿನ ಒಂದ್ಸಲ ನೋಡ್ಲೇಬೇಕು. ಟೈಡ್ ಟೇಬಲ್ (ಸಮುದ್ರದ ಉಬ್ಬರ-ಇಳಿತದ ವೇಳಾಪಟ್ಟಿ) ನೋಡಿ ನೀರು ಮೈನಸ್‌ಗೆ, ಅಂದ್ರೆ ಪಟ್ಟಿಲಿರೋ ಸೊನ್ನೆ ಮಟ್ಟಕ್ಕಿಂತ ಕೆಳಗೆ, ಇಳಿಯೋ ದಿನ ಆರಿಸ್ಕೊಳ್ಳಿ, ಪೂರ್ತಿ ಇಳಿಯೋಕೆ ಒಂದು ಗಂಟೆ ಮುಂಚೆನೇ ಅಲ್ಲಿರಿ, ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ಸಮುದ್ರಕ್ಕೆ ಬೆನ್ನು ಮಾತ್ರ ಕೊಡ್ಬೇಡಿ.

ದೊಡ್ಡ ಹಸಿರು ಅನಿಮೋನ್ ನೋಡಿ ಅಲ್ಲೇ ನಿಂತ್ಬಿಡ್ತಾರೆ ಎಲ್ರೂ, ನಮಗೆ ಬೇಕಾಗಿರೋದು ಚಿಕ್ಕದು, ಸಾಮಾನ್ಯವಾಗಿ ಅಗಲ 5 ಸೆಂಟಿಮೀಟರ್ ಒಳಗೇನೇ. ಕಂದು, ಹಸಿರು, ಕೆಂಪು ಯಾವ ಬಣ್ಣನೂ ಇರಬಹುದು, ಅದಕ್ಕೇ ಬಣ್ಣ ನಂಬ್ಬೇಡಿ, ಬಾಯಿ ಸುತ್ತ ಬಿಳಿ ಗೆರೆ ಇದ್ಯಾ ನೋಡಿ. ಬಂಡೆ ಸಂದಿ, ಈಲ್‌ಗ್ರಾಸ್ ಅನ್ನೋ ಕಡಲ ಹುಲ್ಲಿನ ಎಲೆ, ಕಡಲಕಳೆ ಎಲ್ಲಾ ಹುಡುಕಿ.

ಸಿಕ್ಕಿದ್ಮೇಲೆ ಬಗ್ಗಿ ಬುಡದ ಸುತ್ತ ನೋಡಿ, ಸೊಂಟಕ್ಕೆ ಡಾಬು ಕಟ್ಟಿದಂಗೆ ಪುಟಾಣಿ ಮರಿಗಳು, ಒಂದೊಂದಕ್ಕೂ ಅದರದ್ದೇ ಟೆಂಟಕಲ್ (ಬಾಯಿ ಸುತ್ತ ಇರೋ ಬೆರಳಿನಂಥ ಎಳೆಗಳು)! ಮೈಯಿಂದ ಮೊಳೆತಿದ್ದು ಅನ್ಸುತ್ತೆ, ಅಲ್ಲ, ಮೊಟ್ಟೆ ತಾಯಿ ಮೈಯೊಳಗೇ ಫಲಿತ ಆಗಿ, ಮರಿ ತಾಯಿ ಬಾಯಿಂದ ಹೊರಗೆ ಬಂದು ಅದರ ಮೈಮೇಲಿಂದ ಜಾರಿ ಬುಡದಲ್ಲಿ ಅಂಟ್ಕೊಂಡು ಬೆಳೆಯೋದು. ಇನ್ನೊಂದು ಮಜಾ, ಚಿಕ್ಕವಿದ್ದಾಗ ಇವೆಲ್ಲಾ ಹೆಣ್ಣು, ದೊಡ್ಡವಾದ್ಮೇಲೆ ಹೆಣ್ಣೂ ಹೌದು ಗಂಡೂ ಹೌದು.

ಕಿತ್ತು ನೋಡೋಕೆ ಹೋಗ್ಬೇಡಿ, ಮರಿ ಉದುರ್ತವೆ. ಫೋಟೋ ಬೇಕಂದ್ರೆ ಫೋನ್‌ನ ಪಕ್ಕದಿಂದ ಹಿಡೀರಿ, ಮೇಲಿಂದ ತೆಗೆದ್ರೆ ಟೆಂಟಕಲ್ ಅಡ್ಡ ಬಂದು ಮರಿನೇ ಕಾಣಲ್ಲ.